ಗ್ರಾಫಕ್ಕ ನೋಡಿದ ಷೇರಿನ ನಾಡಿ

ಮೂರನೇ ಮಹಡಿಯ ಮನೆ ಎಂದರೆ ಏನೆಂದು ಮೊಣಕಾಲು ನೋವಿರುವವರನ್ನು ಕೇಳಬೇಕು. ನಮ್ಮ ಕಟ್ಟಡಕ್ಕೆ ಲಿಫ್ಟ್ ಇಲ್ಲ. ಮೂರನೇ ಮಹಡಿಯ ಅಜ್ಜಿ ಕೆಳಗಿಳಿದು ತಿಂಗಳುಗಳೇ ಕಳೆದಿದ್ದವು. ಬೀದಿಗೆ ಯಾರು ಬಂದರು, ಯಾರು ಹೋದರು, ಯಾರ ಮನೆಗೆ ಹೊಸ ಫ್ರಿಜ್ ಇಳಿಯಿತು, ಎಲ್ಲವನ್ನೂ ಕಿಟಕಿಯಿಂದಲೇ ನೋಡಬೇಕು. ಆ ಅಜ್ಜಿಗೆ ನೋಡಿದರಷ್ಟೇ ಸಾಲದು, ವಿಚಾರಿಸಲೂಬೇಕು. ಅಷ್ಟು ಎತ್ತರದಿಂದ ವಿಚಾರಿಸುವುದಾದರೂ ಹೇಗೆ?

ನಾನು ಎರಡನೇ ಮಹಡಿಯವಳು, ಮನೆಯಲ್ಲೇ ಹೊಲಿಗೆ ಕೆಲಸ. ಅವರ ನೆಲವೇ ನನ್ನ ಚಾವಣಿ. ಅಜ್ಜಿಯ ಊರುಗೋಲು ಮಂಚದಿಂದ ಕಿಟಕಿಗೆ, ಕಿಟಕಿಯಿಂದ ಮಂಚಕ್ಕೆ ಟಕ್ ಟಕ್ ಎಂದು ಓಡಾಡುವುದು ದಿನವಿಡೀ ನನ್ನ ತಲೆಯ ಮೇಲೆ ಕೇಳಿಸುತ್ತಿತ್ತು. ಕೇಳಿ ಕೇಳಿ ನನಗೇ ಸಂಕಟವಾಗುತ್ತಿತ್ತು.

ಅಜ್ಜಿಯ ಮಗ ಬಡಗಿ. ಸೊಸೆ ಕ್ಲಿನಿಕ್ಕಿನಲ್ಲಿ ಇಸಿಜಿ ತೆಗೆಯುವವಳು. ರೋಗಿಯ ಎದೆಗೆ ವೈರು ಅಂಟಿಸಿ, ಹೃದಯದ ಬಡಿತವನ್ನು ಚೌಕಳಿ ಕಾಗದದ ಮೇಲೆ ಗೆರೆಯಾಗಿ ಇಳಿಸಿ ಡಾಕ್ಟರ ಕೈಗೆ ಕೊಡುವುದು ಅವಳ ಕೆಲಸ. ಅದಕ್ಕೇ ಬೀದಿಗೆಲ್ಲ ಅವಳು ಗ್ರಾಫಕ್ಕ. ಕೆಲಸದಲ್ಲಿ ಗಟ್ಟಿಗಿತ್ತಿ. ತನ್ನ ಕಣ್ಣಿಗೆ ತಪ್ಪು ಬೀಳುವುದೇ ಇಲ್ಲ ಎಂಬ ಸಣ್ಣ ಜಂಬವೂ ಉಂಟು.

ನಮ್ಮ ಕಟ್ಟಡದ ನೆಲಮಹಡಿಯ ಮನೆ ಆ ತಿಂಗಳ ಕೊನೆಗೆ ಖಾಲಿಯಾಗುವುದಿತ್ತು. "ಅಷ್ಟರೊಳಗೆ ಪೂರ್ತಿ ಮುಂಗಡ ಕೊಟ್ಟೋರಿಗೆ ಮನೆ" ಎಂದಿದ್ದರು ಒಡತಿ. ಅಜ್ಜಿಗಾಗಿ ಗಂಡ ಹೆಂಡತಿ ಕೂಡಿಟ್ಟ ಹಣ ಹೆಚ್ಚೂಕಡಿಮೆ ಸಾಕಾಗುತ್ತಿತ್ತು. ಸ್ವಲ್ಪ ಕೊರತೆ. ಆ ಸ್ವಲ್ಪವೇ ಗ್ರಾಫಕ್ಕನ ತಲೆ ತಿಂದಿತು ನೋಡಿ.

ಒಂದು ಭಾನುವಾರ ಅಜ್ಜಿಯ ಕುರ್ಚಿಗೆ ಹೊಲಿದ ದಿಂಬಿನ ಚೀಲ ಕೊಡಲು ಮೇಲೆ ಹೋದೆ. ಬಡಗಿಯ ತಂಗಿ ಅಮ್ಮನನ್ನು ನೋಡಲು ಬಂದಿದ್ದಳು. ಅವಳು ಷೇರು ದಲ್ಲಾಳಿಗಳ ಕಚೇರಿಯಲ್ಲಿ ಗ್ರಾಹಕರ ಅಹವಾಲು ಕೇಳುವ ಕೆಲಸದವಳು. ಲಾಭ ಬಂದವರು ಅಹವಾಲು ಹೇಳಲು ಯಾಕೆ ಬರುತ್ತಾರೆ? ಕಳೆದುಕೊಂಡವರ ಕಥೆಗಳನ್ನೇ ವರ್ಷಗಟ್ಟಲೆ ಕೇಳಿದವಳು. ನಾನು ಹೋದಾಗ ಬಡಗಿ ತಂಗಿಯ ಮುಂದೆ ದೂರು ಹೇಳುತ್ತಿದ್ದ.

"ನೋಡಮ್ಮ ನಿನ್ನ ಅತ್ತಿಗೇನ. ಅಮ್ಮನ ಮನೆ ದುಡ್ಡನ್ನ ಷೇರಿಗೆ ಹಾಕ್ತಾಳಂತೆ. ಷೇರು ಅಂದ್ರೆ ಜೂಜು, ಅಷ್ಟೇ. ನಾನು ಬೇಡ ಅಂದ್ರೆ, ಕ್ಲಿನಿಕ್ಕಿಂದ ಕೈವಾರ ತಂದು ಅಳತೆ ಬೇರೆ ಮಾಡಿ ತೋರಿಸ್ತಾಳೆ!"

"ಜೂಜಲ್ಲರೀ, ಲೆಕ್ಕ" ಎಂದು ಗ್ರಾಫಕ್ಕ ಫೋನು ಮುಂದೆ ಹಿಡಿದಳು. ಯಾರೋ ಅವಳನ್ನು ಫೋನಿನಲ್ಲೇ ಷೇರು ಸಲಹೆಯ ಒಂದು ಗುಂಪಿಗೆ ಸೇರಿಸಿದ್ದರು. ಅಲ್ಲೊಬ್ಬ ಗುರು, ಮುಖ ಕಂಡವರಿಲ್ಲ. ಅವನು ಹೇಳಿದ ಪೈಪ್ ಕಂಪನಿಯ ಷೇರಿನ ಚಾರ್ಟ್ ಅದು. "ನೀನೇ ನೋಡೇ. ನಲವತ್ತಕ್ಕೆ ಬಂದಾಗೆಲ್ಲ ಏಳುತ್ತೆ, ಐವತ್ತಕ್ಕೆ ಹೋಗಿ ಇಳಿಯುತ್ತೆ. ಮತ್ತೆ ನಲವತ್ತು, ಮತ್ತೆ ಐವತ್ತು. ಅಲೆಯಿಂದ ಅಲೆಗೆ ಒಂದೇ ಅಂತರ, ಕೈವಾರ ಇಟ್ಟು ನೋಡಿದ್ದೀನಿ. ಈಗ ನಲವತ್ತರಲ್ಲಿದೆ. ಮುಂದಿನ ಬಡಿತ ಬರ್ಲೇಬೇಕು. ಇಷ್ಟು ವರ್ಷದಿಂದ ನಾನು ನೋಡ್ತಿರೋದು ಇದನ್ನೇ ತಾನೆ?"

ನಾದಿನಿ ನಗಲಿಲ್ಲ. ಅದು ಅವಳ ದೊಡ್ಡ ಗುಣ. "ಗೆರೆ ಓದೋದು ನಿಮಗೆ ಬರುತ್ತೆ ಅತ್ತಿಗೆ, ಅದು ಅರ್ಧ ಕೆಲಸ. ಆದ್ರೆ ಇದು ಯಾರ ಗೆರೆ? ನೀವು ನೋಡ್ತಿದ್ದೀರಿ ಅಂತ ಹೃದಯ ಬಡಿತ ಬದಲಾಯಿಸುತ್ತಾ?"

"ನಮ್ಮ ಡಾಕ್ಟ್ರ ಮುಖ ಕಂಡ್ರೆ ಕೆಲವರಿಗೆ ಜೋರಾಗುತ್ತೆ."

"ಹಾಂ! ಇಲ್ಲಿ ಎಲ್ಲರದ್ದೂ ಹಾಗೇನೇ. ಈ ಗೆರೆ ಎಳೀತಿರೋರು ಕೊಳ್ಳೋರು, ಮಾರೋರು. ಆಸೆ ಬಂದ್ರೆ ಮೇಲೆ, ಹೆದರಿಕೆ ಬಂದ್ರೆ ಕೆಳಗೆ. ಹೃದಯಕ್ಕೆ ಮುಂದಿನ ಬಡಿತ ಬಡಿಯೋದೇ ಕೆಲಸ. ಷೇರಿಗೆ ಅಂಥ ಯಾವ ಹಂಗೂ ಇಲ್ಲ."

ಬಡಗಿಯ ಕಿವಿಯ ಮೇಲಿದ್ದ ಪೆನ್ಸಿಲ್ಲನ್ನು ಎಳೆದುಕೊಂಡು, ಮೂಲೆಯಲ್ಲಿದ್ದ ಪ್ಲೈವುಡ್ ತುಂಡಿನ ಮೇಲೆ ಅವಳು ಬರೆಯತೊಡಗಿದಳು. ಮೊದಲು ಒಂದು ಉದ್ದನೆಯ ಚೌಕ, ಅದರ ಮೇಲೂ ಕೆಳಗೂ ಸಣ್ಣ ಗೆರೆ.

"ಇದು ಒಂದು ದಿನದ ವ್ಯಾಪಾರ. ಬತ್ತಿ ಇರೋ ಮೇಣದಬತ್ತಿ ಥರ ಇದೆಯಲ್ಲ, ಅದಕ್ಕೇ ಕ್ಯಾಂಡಲ್ ಅಂತಾರೆ. ದಪ್ಪ ಭಾಗದ ಒಂದು ತುದಿ ಬೆಳಿಗ್ಗೆ ಶುರುವಾದ ಬೆಲೆ, ಇನ್ನೊಂದು ತುದಿ ಸಂಜೆ ಮುಗಿದ ಬೆಲೆ. ಬತ್ತಿ ಅಂದ್ರೆ ಆ ದಿನ ಬೆಲೆ ಎಲ್ಲಿವರೆಗೂ ಹೋಗಿ ಬಂತು ಅಂತ. ಶುರುವಿಗಿಂತ ಮೇಲೆ ಮುಗಿದ್ರೆ ಹಸಿರು, ಕೆಳಗೆ ಮುಗಿದ್ರೆ ಕೆಂಪು. ಗೊತ್ತಾಯ್ತಾ ಅಣ್ಣ?"

"ನನಗ್ಯಾಕೆ ಹೇಳ್ತೀಯ, ನಾನೇನು ಆಡಲ್ಲ" ಎಂದ ಬಡಗಿ. ಆದರೆ ಕುರ್ಚಿ ಹತ್ತಿರ ಎಳೆದುಕೊಂಡಿದ್ದ.

"ಸರಿ ಅತ್ತಿಗೆ, ನಿಮ್ಮ ಯಂತ್ರದಲ್ಲಿ ಕಾಗದ ಓಡೋ ವೇಗ ಬದಲಾದ್ರೆ ಏನಾಗುತ್ತೆ?"

"ಅಯ್ಯೋ, ಅದೇ ಹೃದಯ ಬೇರೇನೇ ಕಾಣುತ್ತೆ. ವೇಗ ಎಷ್ಟು ಅಂತ ಕಾಗದದ ಅಂಚಲ್ಲಿ ಮೊದಲು ನೋಡ್ಬೇಕು. ಹೊಸಬರಿಗೆ ನಾನು ಕಲಿಸೋ ಮೊದಲ ಪಾಠಾನೇ ಅದು."

"ಇಲ್ಲಿ ನೋಡಿದ್ರಾ?"

ಗ್ರಾಫಕ್ಕ ಫೋನನ್ನು ಕಣ್ಣಿನ ಹತ್ತಿರ ತಂದು ಅಂಚು ಹುಡುಕಿದಳು. ನಾದಿನಿ ಫೋನಿನ ಮೂಲೆಯಲ್ಲಿ ಬೆರಳೊತ್ತಿದಳು. ಮೂರು ತಿಂಗಳ ಚಾರ್ಟ್ ಹೋಗಿ ಮೂರು ವರ್ಷದ್ದು ಬಂತು. ಗ್ರಾಫಕ್ಕ ಅಳೆದಿದ್ದ ಚೆಂದದ ಅಲೆಗಳು ಈಗ ಬಲಗಡೆ ಮೂಲೆಯಲ್ಲಿ ಸಣ್ಣ ಸುಕ್ಕುಗಳಂತೆ ಕಂಡವು. ಎಡಗಡೆಯ ಎತ್ತರದಿಂದ ಅಲ್ಲಿಯವರೆಗೆ ಉದ್ದಕ್ಕೂ ಇಳಿಜಾರು.

"ಇದನ್ನೇ ಟ್ರೆಂಡ್ ಅನ್ನೋದು, ಬೆಲೆ ಒಟ್ಟಾರೆ ಯಾವ ಕಡೆ ಹೊರಟಿದೆ ಅಂತ. ಮೆಟ್ಟಿಲು ಇಳಿಯೋರು ನಡುವೆ ನಿಂತು ದಣಿವಾರಿಸ್ಕೊಳ್ತಾರಲ್ಲ, ನೀವು ನೋಡಿದ್ದು ಆ ನಿಂತ ಜಾಗ ಅಷ್ಟೇ. ಈಗ ಕೆಳಗಿನ ಕಡ್ಡಿಗಳನ್ನ ನೋಡಿ. ಇವು ವಾಲ್ಯೂಮ್, ಆ ದಿನ ಎಷ್ಟು ಷೇರು ಕೈ ಬದಲಾಯ್ತು ಅನ್ನೋದು. ಬೆಲೆ ಏರಿದ ದಿನ ಕಡ್ಡಿ ಗಿಡ್ಡ, ಇಳಿದ ದಿನ ಉದ್ದ. ಏನರ್ಥ?"

"ಏರಿಸಿದೋರು ನಾಲ್ಕು ಜನ, ಮಾರಿದೋರು ಜಾತ್ರೆ ಜನ" ಎಂದುಬಿಟ್ಟ ಬಡಗಿ. ತಾನೇ ಉತ್ತರ ಹೇಳಿದ್ದಕ್ಕೆ ನಾಚಿಕೊಂಡ.

"ಆದ್ರೂ ನಲವತ್ತರ ಕೆಳಗೆ ಹೋಗಿಲ್ವಲ್ಲ" ಗ್ರಾಫಕ್ಕ ಬಿಡಲಿಲ್ಲ.

"ಅದಕ್ಕೆ ಸಪೋರ್ಟ್ ಅಂತಾರೆ, ನೆಲ ಇದ್ದ ಹಾಗೆ. ಆ ಬೆಲೆಗೆ ಬಂದಾಗ ಕೊಳ್ಳೋರು ಸಿಕ್ತಾರೆ, ಬೆಲೆ ನಿಲ್ಲುತ್ತೆ. ಐವತ್ತು ರೆಸಿಸ್ಟೆನ್ಸ್, ಚಾವಣಿ. ಅಲ್ಲಿ ಮಾರೋರು ಕಾದಿರ್ತಾರೆ. ಆದ್ರೆ ಈ ನೆಲ ಕಾಂಕ್ರೀಟಲ್ಲ ಅತ್ತಿಗೆ. ಕೊಳ್ಳೋರಿಗೆ ಸಾಕಾದ್ರೆ ಕುಸಿಯುತ್ತೆ. ಕುಸಿದ ಮೇಲೆ ಎಷ್ಟೋ ಸಲ ಆ ನೆಲಾನೇ ಚಾವಣಿ ಆಗ್ಬಿಡುತ್ತೆ."

"ಅದು ಹೇಗೇ?" ಎಂದಳು ಗ್ರಾಫಕ್ಕ.

ಕುರ್ಚಿಯಲ್ಲಿ ಕೂತಿದ್ದ ಅಜ್ಜಿ ಊರುಗೋಲನ್ನು ಟಕ್ ಎಂದು ಕುಟ್ಟಿ ನನ್ನ ಕಡೆ ತೋರಿಸಿದರು. "ಇವಳನ್ನ ಕೇಳು. ನಮಗೆ ಇದು ನೆಲ. ಒಂದು ಮಹಡಿ ಕೆಳಗೆ ಬಿದ್ರೆ ಇದೇ ತಲೆ ಮೇಲೆ."

"ಅಮ್ಮ ಸರಿಯಾಗಿ ಹೇಳಿದ್ರು" ನಾದಿನಿ ನಕ್ಕಳು. "ನಲವತ್ತಕ್ಕೆ ಕೊಂಡು ಸಿಕ್ಕಿಹಾಕ್ಕೊಂಡೋರು, ಬೆಲೆ ತಿರುಗಿ ನಲವತ್ತಕ್ಕೆ ಬಂದ್ರೆ ಹಾಕಿದ್ದು ಬಂತಲ್ಲ ಅಂತ ಮಾರಿ ಓಡ್ತಾರೆ. ಬೆಲೆಗೆ ತಲೆ ತಾಗುತ್ತೆ. ಈಗ ಒಂದೇ ಮಾತು ಹೇಳಿ ಅತ್ತಿಗೆ. ನಿಮ್ಮ ಲೆಕ್ಕ ತಪ್ಪು ಅಂತ ನಿಮಗೆ ಗೊತ್ತಾಗೋದು ಯಾವ ಬೆಲೇಲಿ?"

ಗ್ರಾಫಕ್ಕ ಚಾರ್ಟನ್ನು ಬೆರಳಲ್ಲಿ ಅತ್ತಿತ್ತ ಸರಿಸಿದಳು.

"ಈ ಬೆಲೆ ಬಂದ್ರೆ ನಾನು ತಪ್ಪು, ಮಾರಿ ಹೊರಗೆ ಬರ್ತೀನಿ ಅಂತ ಕೊಳ್ಳೋಕೆ ಮೊದಲೇ ಒಂದು ಗೆರೆ ಹಾಕ್ಕೋಬೇಕು. ಅದೇ ಸ್ಟಾಪ್‌ಲಾಸ್. ಬೆಲೆ ದಿಢೀರ್ ಅಂತ ಬಿದ್ರೆ ಅಂದ್ಕೊಂಡ ಕಡೆಗಿಂತ ಕೆಳಗೂ ಮಾರಾಟ ಆಗ್ಬಹುದು, ಆದ್ರೂ ಗೆರೆ ಇಲ್ದೆ ಷೇರಿಗೆ ಇಳೀಬಾರದು. ಚಾರ್ಟ್ ನಾಳೇದನ್ನ ಹೇಳಲ್ಲ. ಇವತ್ತಿನವರೆಗೂ ಜನ ಏನು ಮಾಡಿದ್ರು ಅಂತ ಹೇಳುತ್ತೆ, ಎಲ್ಲಿ ಹುಷಾರಾಗಿರ್ಬೇಕು ಅಂತ ತೋರಿಸುತ್ತೆ. ನೀವು ಗ್ರಾಫ್ ಒಂದೇ ನೋಡಿ ಆಪರೇಷನ್‌ಗೆ ಕಳಿಸ್ತೀರಾ?"

"ಛೆ, ಎಲ್ಲಾದ್ರೂ ಉಂಟಾ? ಡಾಕ್ಟ್ರು ಇನ್ನೂ ನಾಲ್ಕು ಪರೀಕ್ಷೆ ಮಾಡ್ತಾರೆ" ಎಂದ ಗ್ರಾಫಕ್ಕ ಅಲ್ಲಿಗೇ ನಿಲ್ಲಿಸಿದಳು. ಮೆಲ್ಲಗೆ ಮಂಚದ ಅಂಚಿಗೆ ಕೂತಳು.

"ನಾನು ನಿನ್ನೇನೇ ಆರ್ಡರ್ ಹಾಕ್ಬಿಟ್ಟಿದ್ದೀನಿ" ಎಂದಳು. "ಮುಂಗಡದ ದುಡ್ಡು ಪೂರ್ತಿ."

ಬಡಗಿ ಹೆಂಡತಿಯ ಮುಖವನ್ನೇ ನೋಡಿದ. ನನಗಂತೂ ಅಲ್ಲಿಂದ ಎದ್ದು ಹೋಗಲೂ ಆಗಲಿಲ್ಲ, ಕೂರಲೂ ಆಗಲಿಲ್ಲ. ಅಜ್ಜಿ ಕಿಟಕಿಯ ಕಡೆ ತಿರುಗಿ ಕೂತರು.

"ನಿನ್ನೆ ಮಾರುಕಟ್ಟೆ ರಜೆ. ನಾಳೆ ಬೆಳಿಗ್ಗೆ ತೆರೆಯೋ ತನಕ ಅದು ಬರೀ ಕೋರಿಕೆ ಅತ್ತಿಗೆ" ಎಂದಳು ನಾದಿನಿ ನಿಧಾನಕ್ಕೆ. "ಈಗಲೂ ರದ್ದು ಮಾಡಬಹುದು."

ಗ್ರಾಫಕ್ಕ ಫೋನು ಹಿಡಿದಳು. ಬೆರಳು ಮಾತ್ರ ಮೇಲೇ ನಿಂತಿತು. "ಅಕಸ್ಮಾತ್ ಏರಿಬಿಟ್ರೆ?" ಎಂದಳು. ಆಸೆ ಅಷ್ಟು ಸುಲಭಕ್ಕೆ ಬಿಡುತ್ತದೆಯೇ?

ಅಜ್ಜಿ ತಿರುಗದೆಯೇ ಹೇಳಿದರು. "ಏರಿದ್ರೆ ಏರ್ಲಿ ಬಿಡೇ ಮಗಳೇ. ಇಳೀಬೇಕಾಗಿರೋದು ನಾನು."

ಗ್ರಾಫಕ್ಕ ರದ್ದು ಒತ್ತಿದಳು. ರದ್ದಾಯಿತು ಎಂದು ಫೋನು ತೋರಿಸಿದಾಗ ಅವಳು ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಅತ್ತಳು. ನಾನೂ ಸೆರಗಿನಲ್ಲಿ ಕಣ್ಣೊರೆಸಿಕೊಂಡೆ, ನನ್ನ ದುಡ್ಡೇ ಉಳಿದಂತಾಗಿತ್ತು. ಬಡಗಿ ಎದ್ದು ಎಲ್ಲರಿಗೂ ಚಹಾ ಮಾಡಿದ. ಸಕ್ಕರೆ ಹಾಕುವುದನ್ನು ಮರೆತಿದ್ದ, ಯಾರೂ ಹೇಳಲಿಲ್ಲ.

ಮಾರನೆಯ ದಿನ ಆಗಿದ್ದೇನು ಗೊತ್ತೇ? ಆ ಷೇರು ನಲವತ್ಮೂರಕ್ಕೆ ಏರಿತು! ಮೇಲಿನ ಮನೆಯಲ್ಲಿ ಪಾತ್ರೆಗಳು ಎರಡು ದಿನ ಜೋರಾಗಿ ಸದ್ದು ಮಾಡಿದವು. ಮೂರನೆಯ ದಿನ ನಲವತ್ತಕ್ಕಿಳಿಯಿತು, ಆಮೇಲೆ ಮೂವತ್ತಾರು, ಮೂವತ್ತೊಂದು. ವಾಲ್ಯೂಮಿನ ಕಡ್ಡಿಗಳು ತೆಂಗಿನ ಮರದಷ್ಟು ಉದ್ದ. ಮುಂದೆ ಒಂದು ಸಲ ತಿರುಗಿ ಮೇಲೆ ಬಂದು, ನಲವತ್ತರ ಹತ್ತಿರ ತಲೆ ತಾಗಿಸಿಕೊಂಡು ಮತ್ತೆ ಇಳಿಯಿತು. ಗುರುವಿನ ಗುಂಪು ಅಷ್ಟರಲ್ಲಿ ಫೋನಿನಿಂದಲೇ ಮಾಯ. ಪಾತ್ರೆಗಳ ಸದ್ದೂ ಮೆತ್ತಗಾಯಿತು.

"ನೀನೇ ನಮ್ಮ ಗುರು" ಎಂದು ಗ್ರಾಫಕ್ಕ ನಾದಿನಿಗೆ ಫೋನು ಮಾಡಿದರೆ ಅವಳು ರೇಗಿದಳು. "ಬೇಡ ಅತ್ತಿಗೆ. ನಾನು ಹೇಳಿದ ಹಾಗೆ ಆಯ್ತು, ಆಗದೇನೂ ಇರಬಹುದಿತ್ತು. ಅದು ಏರಿದ್ರೂ ನಿಮ್ಮ ಆರ್ಡರ್ ತಪ್ಪೇ. ಅಮ್ಮನ ಮನೆ ದುಡ್ಡು ಅದು, ಸೋಲೋಕೆ ಇಟ್ಟ ದುಡ್ಡಲ್ಲ."

ಮುಂಗಡದ ಕೊರತೆ? ಅದಕ್ಕೆ ಮದ್ದು ಮನೆಯಲ್ಲೇ ಇತ್ತು. ನೆಲಮಹಡಿಯ ಬಾಗಿಲುಗಳೆಲ್ಲ ಉಬ್ಬಿ, ಒಂದೂ ನೆಟ್ಟಗೆ ಮುಚ್ಚುತ್ತಿರಲಿಲ್ಲ. "ಎಲ್ಲ ಸರಿಮಾಡಿ ಕೊಡ್ತೀನಿ, ಕೂಲಿ ಮುಂಗಡಕ್ಕೆ ಹಿಡ್ಕೊಳ್ಳಿ" ಎಂದ ಬಡಗಿ. ಒಡತಿಗೆ ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬಂತಾಯಿತು. ತಕ್ಷಣ ಒಪ್ಪಿದರು.

ತಿಂಗಳ ಕೊನೆಯಲ್ಲಿ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಮಗನೂ ಪಕ್ಕದ ಮನೆಯವರೂ ಎತ್ತಿ ಇಳಿಸಿದರು. ಕೊನೆಯ ಮೆಟ್ಟಿಲಲ್ಲಿ ಅಜ್ಜಿ "ನಿಲ್ಲಿಸ್ರೋ" ಎಂದು ಊರುಗೋಲು ಊರಿ, ತಾವೇ ಅಂಗಳಕ್ಕೆ ಕಾಲಿಟ್ಟರು. ಅಬ್ಬ, ಆ ಮುಖ ನೋಡಬೇಕಿತ್ತು!

ಗ್ರಾಫಕ್ಕ ಷೇರು ಬಿಟ್ಟಳೇ? ಇಲ್ಲ. ಕಲಿತಳು. ಕೆಲವು ತಿಂಗಳು ದುಡ್ಡು ಹಾಕದೆ, ಆ ಪ್ಲೈವುಡ್ಡಿನ ಮೇಲೆ ಬರೆದು ಅಳಿಸಿ ಅಭ್ಯಾಸ ಮಾಡಿದಳು. ಆಮೇಲೆ ಹೆಚ್ಚುವರಿ ಪಾಳಿಯ ಸಂಬಳದಲ್ಲಿ, ಹೋದರೂ ಮನೆ ನಡೆಯುವಷ್ಟು ಸಣ್ಣ ಹಣ ಹಾಕಿದಳು. ಮೊದಲು ಕಂಪನಿ ಏನು ಮಾಡುತ್ತದೆ ಎಂದು ತಿಳಿದುಕೊಂಡಳು. ಸ್ಟಾಪ್‌ಲಾಸಿನ ಗೆರೆಯನ್ನು ಬಡಗಿಯೇ ಪೆನ್ಸಿಲ್ಲಿನಲ್ಲಿ ಹಾಕಿಕೊಟ್ಟ, ಜೂಜು ಎಂದವನು ಅವನೇ! ಮೊದಲ ಷೇರೇ ಗೆರೆ ಮುಟ್ಟಿತು. ಮಾರಿದಳು, ಚೂರು ನಷ್ಟವಾಯಿತು. "ಜಾರಿದೆ ಕಣೇ" ಎಂದು ನನ್ನ ಮುಂದೆ ನಕ್ಕಳು. "ಆದ್ರೆ ಒಂದೇ ಮೆಟ್ಟಿಲು."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಫೋನಿಗೂ ಯಾವನೋ ಗುರು ಬಂದಿರಬಹುದು. ಬೆಳ್ಳಗಿರುವುದೆಲ್ಲ ಹಾಲಲ್ಲ. ಖಚಿತ ಲಾಭ ಎಂದವನನ್ನು ಅಲ್ಲೇ ಬಿಡಿ. ಮೂರು ತಿಂಗಳ ಚಾರ್ಟ್ ನೋಡಿದವರು ಮೂರು ವರ್ಷದ್ದನ್ನೂ ನೋಡಿ, ವಾಲ್ಯೂಮ್ ನೋಡಿ. ಕೊಳ್ಳುವ ಮುಂಚೆ ಹೊರಬರುವ ಗೆರೆ ಹಾಕಿ. ಮನೆಯ ಬಾಡಿಗೆ, ಮದ್ದು, ಮಕ್ಕಳ ಓದಿನ ದುಡ್ಡನ್ನು ಅತ್ತ ಸುಳಿಯಲೂ ಬಿಡಬೇಡಿ.

ನನ್ನ ತಲೆಯ ಮೇಲೆ ಈಗ ಟಕ್ ಟಕ್ ಇಲ್ಲ. ಅಜ್ಜಿ ಕೆಳಗೆ ಬಾಗಿಲ ಬಳಿ ನನ್ನ ದಿಂಬಿಗೆ ಒರಗಿ ಕೂತು ಹೋಗಿಬರುವವರನ್ನೆಲ್ಲ ಮನಸಾರೆ ವಿಚಾರಿಸುತ್ತಾರೆ. ಯಾರಾದರೂ ಷೇರಿನ ಮಾತೆತ್ತಿದರೆ ಊರುಗೋಲು ಅಡ್ಡ ಹಿಡಿದು ಒಂದೇ ಪ್ರಶ್ನೆ ಕೇಳುತ್ತಾರೆ. "ಅದೆಲ್ಲ ಇರ್ಲಿ, ಗೆರೆ ಎಲ್ಲಿ ಹಾಕಿದ್ದೀಯ ಹೇಳು." ಉತ್ತರ ಕೊಡದೆ ಆ ಬಾಗಿಲು ದಾಟಿದವರು ನಮ್ಮ ಬೀದಿಯಲ್ಲಿ ಇನ್ನೂ ಯಾರೂ ಇಲ್ಲ.