ಎರಡು ಡಿಗ್ರಿ ಏರಿದರೆ

ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದ ಗಿರಿಜಾಂಬಿಕಾ ಕೆಲಸವನ್ನು ಅರ್ಧಕ್ಕೇ ಬಿಟ್ಟು ನಡುಮನೆಗೆ ಬಂದಳು. ನಾಲ್ಕು ವರ್ಷದ ಮಗಳು ಬಾಯಿ ತೆರೆದು ಉಸಿರಾಡುತ್ತಿದ್ದಳು. ಕಂಕುಳಿನಿಂದ ಥರ್ಮಾಮೀಟರ್ ತೆಗೆದು ಬೆಳಕಿಗೆ ಹಿಡಿದಳು. ನೂರಾ ನಾಲ್ಕು. ನಿನ್ನೆ ತಿಪಟೂರಿನಿಂದ ಬಂದು ನೋಡಿದಾಗ ನೂರರ ಮೇಲೆ ಎರಡು ಸಣ್ಣ ಗೆರೆ, ಎಂದರೆ ನೂರು ಪಾಯಿಂಟ್ ನಾಲ್ಕು ಇತ್ತು, ಅಷ್ಟೆ.

ಅಲ್ಲಿನ ಡಾಕ್ಟರದು ಹೊಸ ಸೆಂಟಿಗ್ರೇಡ್ ಥರ್ಮಾಮೀಟರು. "ಮೂವತ್ತೆಂಟಿದೆ. ಇನ್ನೆರಡು ಡಿಗ್ರಿ ಏರಿದ್ರೆ ಕಾಯಬೇಡಿ, ಕರ್ಕೊಂಡು ಬನ್ನಿ" ಎಂದಿದ್ದರು. ಮನೆಯದು ಹಳೆಯ ಫ್ಯಾರನ್‌ಹೀಟಿನದು.

ಜಗಲಿಯಲ್ಲಿ ಮಾವ ಸದಾಶಿವಯ್ಯ ಕೊಬ್ಬರಿ ಸುಲಿಸುತ್ತ ಕೂತಿದ್ದರು. ಮಣ, ಸೇರು ಹೋಗಿ ಕಿಲೋ ಬಂದ ವರ್ಷ ಊರಿನವರ ಕೊಬ್ಬರಿಯ ತೂಕವನ್ನೆಲ್ಲ ಬಾಯಿಲೆಕ್ಕದಲ್ಲೇ ಕ್ವಿಂಟಾಲಿಗೆ ಬದಲಿಸಿ ಹೇಳಿದವರು. ಅವರ ಲೆಕ್ಕವನ್ನು ಮನೆಯಲ್ಲಿ ಯಾರೂ ಮತ್ತೆ ಹಾಕಿ ನೋಡುತ್ತಿರಲಿಲ್ಲ.

"ಮಾವ, ಮೂರೂವರೆ ಡಿಗ್ರಿ ಏರೈತೆ."

"ಡಾಕ್ಟ್ರ ಎರಡು ಅಂದ್ರೆ ನಮ್ದರಲ್ಲಿ ಎಷ್ಟು? ಒಂಬತ್ತರಿಂದ ಗುಣಿಸು, ಐದರಿಂದ ಭಾಗಿಸು, ಮೂವತ್ತೆರಡು ಕೂಡು. ಮೂವತ್ತೈದೂವರೆ ಏರ್ಬೇಕು ಕಣವ್ವ! ಮೂರೂವರೆಗೇ ಬಸ್ ಹತ್ತುಸ್ತೀಯಾ?"

"ಕಡ್ಡೀಲಿ ನೂರಾ ಹತ್ತರ ಮೇಲೆ ಗೆರೇನೇ ಇಲ್ಲ ಮಾವ."

"ಅದುಕ್ಕೇ ಹೇಳಿದ್ದು, ಅಲ್ಲೀಗಂಟ ಹೋಗಾಕಿಲ್ಲ ಅಂತ."

ಕೂಲಿಗೆ ಬಂದು ಕಾಯಿ ಸುಲಿಯುತ್ತಿದ್ದ ತಿಮ್ಮಕ್ಕ ನಕ್ಕಳು. "ಅಯ್ನೋರ ಲೆಕ್ಕ ತಪ್ಪಿದ್ರೆ ಸೂರ್ಯ ಪಡುವಲಾಗೆ ಹುಟ್ತಾನೆ, ಬುಡವ್ವ."

ಗಿರಿಜಾಂಬಿಕಾ ಒಳಗೆ ಬಂದು ಮತ್ತೆ ಮೊರದ ಮುಂದೆ ಕೂತಳು. ಮಾವ ಹೇಳಿದ ದಾರಿಯನ್ನೇ ಹಿಡಿದು ಹಿಟ್ಟಿನ ಮೇಲೆ ಬೆರಳಲ್ಲಿ ಬರೆದಳು. ಆದರೆ ಎರಡನ್ನು ಬರೆಯಲಿಲ್ಲ. ಮೂವತ್ತೆಂಟಕ್ಕೆ ಎರಡು ಸೇರಿದರೆ ನಲವತ್ತು. ಒಂಬತ್ತರಿಂದ ಗುಣಿಸಿದರೆ ಮುನ್ನೂರ ಅರವತ್ತು. ಐದರಿಂದ ಭಾಗಿಸಿದರೆ ಎಪ್ಪತ್ತೆರಡು. ಮೂವತ್ತೆರಡು ಕೂಡಿದಳು.

ನೂರಾ ನಾಲ್ಕು.

ಮೂವತ್ತೆರಡನ್ನು ಕೂಡಬೇಕಾದ್ದು ಜ್ವರ ನಿಂತಿರುವ ಜಾಗಕ್ಕೆ, ಅದು ಏರಿದ ಮೆಟ್ಟಿಲಿಗಲ್ಲ. ಡಾಕ್ಟರು ಹೇಳಿದ ಎರಡು ಡಿಗ್ರಿ ಆಗಲೇ ಏರಿಬಿಟ್ಟಿತ್ತು. ಹಿಟ್ಟನ್ನು ಸವರಿ ಅಂಕಿಗಳನ್ನು ಅಳಿಸಿದಳು.

ಗಂಡ ಸಂತೆಯಿಂದ ಬರುವುದು ಕತ್ತಲಾದ ಮೇಲೆ. ಮಾವನಿಗೆ ತೋರಿಸಿದರೆ ತಿಮ್ಮಕ್ಕನ ಎದುರು ಸೊಸೆ ತನ್ನ ಲೆಕ್ಕ ತಿದ್ದಿದಳೆಂದು ಸಿಡುಕುತ್ತಾರೆ, ಹೋಗಬೇಡ ಎನ್ನುತ್ತಾರೆ. ಹಾಗೆಂದ ಮೇಲೆ ಹೊಸಲು ದಾಟುವ ಧೈರ್ಯ ತನಗಿಲ್ಲವೆಂದು ಅವಳಿಗೆ ಗೊತ್ತಿತ್ತು. ನಡುಮನೆಯಿಂದ ಮಗು ನರಳಿತು, ಈ ಸಲ ದನಿಯೂ ಸರಿಯಾಗಿ ಬರಲಿಲ್ಲ.

ನೊಣವಿನಕೆರೆಯಿಂದ ತಿಪಟೂರಿಗೆ ಹೋಗುವ ನಾಲ್ಕರ ಬಸ್ಸಿಗೆ ಇನ್ನೂ ಸಮಯವಿತ್ತು. ಹಿತ್ತಿಲ ಬಾಗಿಲಿನಿಂದ ತೋಟದೊಳಗೆ ಹಾದು ರಸ್ತೆಗೆ ಹೊರಟರೆ ಜಗಲಿಯವರ ಕಣ್ಣಿಗೆ ಬೀಳುವುದಿಲ್ಲ. ಹೊರಗಿನಿಂದ ಮಾವ, "ಗಿರಿಜಾ, ಎಸರಿಟ್ಟೆಯಾ?" ಎಂದು ಕೂಗಿದರು.

"ಇಟ್ಟೆ ಮಾವ" ಎಂದಳು, ಮಗಳನ್ನು ಹೆಗಲಿಗೆ ಹಾಕಿಕೊಳ್ಳುತ್ತ.