ಜಪಾನಿನ ಗಿರಿಜವ್ವ

‘ತಾಯಿಯ ಹೆಸರು’ ಎಂಬ ಖಾನೆಯ ಮುಂದೆ ಉಷಾಳ ಪೆನ್ನು ಮೂರನೆಯ ಸಲ ನಿಂತಿತು. ಮೇಜಿನ ಆಚೆ ಕೂತಿದ್ದ ಫ್ಯೂನರಲ್ ಹೋಮಿನ ಮುದುಕ ಕೆಮ್ಮಲೂ ಇಲ್ಲ, ಗಡಿಯಾರ ನೋಡಲೂ ಇಲ್ಲ. ಸತ್ತವರ ಜೊತೆ ದಿನಾ ಏಗುವವರಿಗೆ ಅವಸರ ಎಲ್ಲಿಂದ ಬರಬೇಕು! ಅವಸರವೆಲ್ಲ ಉಷಾಳದೇ. ಆಸ್ಪತ್ರೆ, ಫೋನು, ಫಾರಂ ಎಂದು ಮೂರು ದಿನದಿಂದ ಓಡಾಡಿ ಅವಳ ಕಣ್ಣುಗಳು ಉರಿಯುತ್ತಿದ್ದವು. ಎಲ್ಲಾದರೂ ಒಂದು ಮೂಲೆಯಲ್ಲಿ ಕಾಲು ಚಾಚಿ ಮಲಗಿಬಿಟ್ಟರೆ ಸಾಕು ಅನಿಸುತ್ತಿತ್ತು.

ಉಳಿದ ಖಾನೆಗಳನ್ನು ರುದ್ರಮ್ಮನ ಹಳೆಯ ಪಾಸ್‌ಪೋರ್ಟು ನೋಡಿ ಹೇಗೋ ತುಂಬಿದ್ದಳು. ಹುಟ್ಟಿದ ತಾರೀಕು ಜೂನ್ ಒಂದು. ಯಾವನೋ ಗುಮಾಸ್ತ ಅಂದಾಜಿನಲ್ಲಿ ಗೀಚಿದ್ದು. ಹುಟ್ಟಿದ ಊರು ಕೊಪ್ಪಳ. ವಿಧವೆ. ಮಕ್ಕಳು ಇಲ್ಲ, ಇದ್ದಿದ್ದರೆ ಹೇಳುತ್ತಿರಲಿಲ್ಲವೇ ಎಂದುಕೊಂಡು ಬರೆದದ್ದು. ‘ಮೃತರಿಗೂ ನಿಮಗೂ ಇದ್ದ ಸಂಬಂಧ’ ಎಂಬಲ್ಲಿ ‘ಫ್ರೆಂಡ್’ ಎಂದು ಬರೆದಾಗ ಅವಳಿಗೇ ನಾಚಿಕೆಯಾಗಿತ್ತು. ಒಂಬತ್ತು ವರ್ಷ ಒಂದೇ ಸೂರಿನಡಿ ಇದ್ದು, ಅವರ ಕೈಯ ರೊಟ್ಟಿ ತಿಂದು, ಹೆತ್ತ ಮಗಳನ್ನು ಅವರ ಮಡಿಲಿಗೆ ಹಾಕಿ ಆಫೀಸಿಗೆ ಓಡಿ, ಕೊನೆಗೆ ಫ್ರೆಂಡು!

“ಗೊತ್ತಿಲ್ಲ,” ಎಂದಳು ಇಂಗ್ಲಿಷಿನಲ್ಲಿ.

“‘ಅನ್‌ನೋನ್’ ಅಂತ ಬರೆಯಿರಿ ಮೇಡಂ. ಎಷ್ಟೋ ಜನ ಹಾಗೇ ಬರೀತಾರೆ,” ಎಂದ ಮುದುಕ ಇನ್ನೊಂದು ಹಾಳೆಯನ್ನು ಮೆಲ್ಲಗೆ ಸರಿಸಿದ. “ಇದು ಕ್ರಿಮೇಷನ್ನಿಗೆ ಒಪ್ಪಿಗೆ ಪತ್ರ. ಮಧ್ಯಾಹ್ನ ಒಂದರೊಳಗೆ ನಿಮ್ಮ ಸಹಿ ಬೇಕು.”

ಉಷಾ ಎರಡೂ ಹಾಳೆ ಎತ್ತಿಕೊಂಡು ಹಾಲಿಗೆ ಬಂದಳು. ಆಗ ಗಂಟೆ ಹನ್ನೊಂದು.

ಅಮೆರಿಕದ ಪಾರ್ಸಿಪನಿ ಊರಿನ ಅವರ ಅಪಾರ್ಟ್‌ಮೆಂಟಿನ ಕನ್ನಡದವರೆಲ್ಲ ಅರ್ಧ ದಿನ ರಜೆ ಹಾಕಿ ಬಂದಿದ್ದರು. ನಲವತ್ತು ಜನರಾದರೂ ಇದ್ದರು. ಒದ್ದೆ ಕೋಟುಗಳು, ಬೂಟಿಗಂಟಿ ಕರಗುತ್ತಿದ್ದ ಸ್ನೋ, ಪಿಸುಮಾತು. ರುದ್ರಮ್ಮ ತೆರೆದ ಪೆಟ್ಟಿಗೆಯಲ್ಲಿ ಇಳಕಲ್ ಸೀರೆಯುಟ್ಟು ಮಲಗಿದ್ದರು. ಫ್ಯೂನರಲ್ ಹೋಮಿನವರು ಅವರ ತುಟಿಗೆ ಬಣ್ಣ ಹಚ್ಚಿಬಿಟ್ಟಿದ್ದರು. ಬೆಳಿಗ್ಗೆ ಉಷಾ ಅದನ್ನು ಟಿಶ್ಯೂನಿಂದ ಒರೆಸಿ, ಹಣೆಗೆ ವಿಭೂತಿ ಇಟ್ಟಮೇಲೆಯೇ ಅವರು ರುದ್ರಮ್ಮನ ಹಾಗೆ ಕಂಡದ್ದು.

“ಉಷಾ, ಒಂದು ಗುಟುಕು ಕಾಫಿ ಕುಡಿಯೇ,” ಎಂದು ಪಕ್ಕದ ಫ್ಲಾಟಿನ ಸುಪ್ರಿಯಾ ಪೇಪರ್ ಕಪ್ಪು ಹಿಡಿಸಿದಳು. “ಅಲ್ಲ, ಇವರ ಬಗ್ಗೆ ಯಾರಾದ್ರೂ ನಾಲ್ಕು ಮಾತಾಡಬೇಕಂತೆ. ಏನು ಮಾತಾಡೋದು? ಒಳ್ಳೆಯವರು, ರೊಟ್ಟಿ ಚೆನ್ನಾಗಿ ಮಾಡೋರು. ಅಷ್ಟೇ ಅಲ್ವಾ ನಮಗೆ ಗೊತ್ತಿರೋದು?”

“ಆ ಜಪಾನ್ ಸೀರಿಯಲ್ ಕತೆ ಹೇಳೋರಲ್ಲ,” ಎಂದಳು ಎದುರು ಬ್ಲಾಕಿನ ರಾಜಿ. “ಗಂಡನಿಗೆ ಹುಷಾರಿಲ್ಲ ಅಂತ ತಂತಿ ಬಂದು, ಆ ಹೆಂಗಸು ರೈಲಲ್ಲಿ ನಿಂತ್ಕೊಂಡೇ ಹೋದದ್ದು ಹೇಳಿದಾಗ ನಾನು ಗೊಳೋ ಅಂತ ಅತ್ತಿದ್ದೆ ಕಣೇ. ಇನ್ನು ಯಾರು ಹೇಳ್ತಾರೆ ಅದೆಲ್ಲ?”

ಅಷ್ಟರಲ್ಲಿ ಅಮರೇಶ್ವರ ಅವರು ಕೋಲೂರುತ್ತ ಬಂದರು. ಹುಬ್ಬಳ್ಳಿ ಕಡೆಯವರು, ರಿಟೈರಾದ ಎಂಜಿನಿಯರು, ಈ ಊರಿಗೆ ಬಂದು ಮೂವತ್ತು ವರ್ಷವಾಗಿತ್ತು.

“ತಂಗಿ, ಒಂದ್ ಮಾತ್ ಕೇಳ್ತೀನಿ, ತಪ್ಪ್ ತಿಳೀಬ್ಯಾಡ. ಇವರು ನಮ್ಮ ಪೈಕಿ. ನಮ್ಮಲ್ಲಿ ಮಣ್ಣು ಕೊಡ್ತಾರ, ಬೆಂಕಿ ಅಲ್ಲ.”

ಉಷಾಳಿಗೆ ಅದು ಗೊತ್ತಿರಲಿಲ್ಲವೆಂದಲ್ಲ. ರುದ್ರಮ್ಮನ ಕೊರಳಿನ ಲಿಂಗ ದಿನಾ ಕಣ್ಣಿಗೆ ಬೀಳುತ್ತಿತ್ತು. ಆದರೆ ಇಲ್ಲಿ ಸತ್ತ ಭಾರತದವರಿಗೆಲ್ಲ ಮಾಡುವುದು ಒಂದೇ. ಫ್ಯೂನರಲ್ ಹೋಮಿಗೆ ಫೋನ್ ಮಾಡಿದರೆ ಅವರೂ ಅದನ್ನೇ ಹೇಳಿದರು, ಗಂಡ ಬದರೀನಾಥ ಹೂಂ ಅಂದ, ಮುಗಿಯಿತು. “ನಮಗೆ ತೋಚಲೇ ಇಲ್ಲ ಸರ್,” ಎಂದಳು.

“ಅಯ್ಯ, ನಿನಗ ಅನ್ನಾಕ್ ಬಂದಿಲ್ಲವಾ. ನನ್ನ ತಮ್ಮ ಹೋದಾಗ ನಾವೂ ಇಲ್ಲೇ ಸುಟ್ಟಿವಿ. ಹಿಂಗ ಸ್ನೋ ಬಿದ್ದಿತ್ತು, ಯಾರಿಗೂ ರಜಾ ಇರಲಿಲ್ಲ. ಇವರಾಗೇ ಏನರ ಹೇಳಿದ್ರೇನು, ನನಗ ಹಿಂಗ ಮಾಡ್ರಿ ಅಂತ?”

“ಇಲ್ಲ ಸರ್. ತಮ್ಮ ವಿಷಯ ಅಂತ ಒಂದು ಮಾತೂ ಆಡ್ತಿರಲಿಲ್ಲ.”

“ಮತ್ತ ಬಿಡು. ಅವರ ಮನಸ್ನ್ಯಾಗ ಏನಿತ್ತೋ ಯಾರಿಗ್ ಗೊತ್ತು,” ಎಂದು ಅವರು ಹೋಗಿ ಪೆಟ್ಟಿಗೆಯ ಬಳಿ ಕೈಮುಗಿದು ನಿಂತರು. ಉಷಾ ಸಹಿಯಿಲ್ಲದ ಹಾಳೆಯನ್ನು ಮಡಿಸಿ ಬಿಚ್ಚಿ, ಬಿಚ್ಚಿ ಮಡಿಸಿ ಮಾಡುತ್ತ ಅಲ್ಲೇ ಕುರ್ಚಿಯಲ್ಲಿ ಕುಸಿದಳು.

* * *

ರುದ್ರಮ್ಮ ಅಮೆರಿಕಕ್ಕೆ ಬಂದದ್ದು ಕೊಪ್ಪಳದ ಡಾಕ್ಟರೊಬ್ಬರ ಮಗು ನೋಡಿಕೊಳ್ಳಲು. ಡಾಕ್ಟರು ಟೆಕ್ಸಸ್ಸಿಗೆ ಗಂಟುಮೂಟೆ ಕಟ್ಟಿದಾಗ ಇವರು ಉಷಾಳ ಮನೆಗೆ ಬಂದರು. ವೀಸಾ ಯಾವತ್ತೋ ಮುಗಿದಿತ್ತು. ಊರಿಗೆ ಹೋದರೆ ಮರಳಿ ಬರುವ ಹಾಗಿರಲಿಲ್ಲ. ಊರಲ್ಲಿ ಯಾರಿದ್ದಾರೆ ಎಂದು ಉಷಾ ಒಂದು ಸಲ ಕೇಳಿದ್ದಳು. “ಯಾರದಾರ್ರಿ ಅಕ್ಕಾರ,” ಎಂದು ಹಿಟ್ಟು ನಾದಲು ಎದ್ದಿದ್ದರು. ಎರಡನೆಯ ಸಲ ಕೇಳಲು ಉಷಾಳಿಗೆ ಪುರುಸೊತ್ತಾಗಲಿಲ್ಲ. ಬೆಳಿಗ್ಗೆ ಆರೂ ಮುಕ್ಕಾಲಿಗೆ ಮನೆ ಬಿಟ್ಟು ಹೋಬೋಕನ್ನಿನ ಆಫೀಸಿಗೆ ಕಮ್ಯೂಟ್ ಮಾಡಿ ಸಂಜೆ ಏಳಕ್ಕೆ ಬಂದು ಬೀಳುವವಳಿಗೆ ಪುರುಸೊತ್ತೆಲ್ಲಿಯದು?

ತೊಂಬತ್ತಮೂರರ ಚಳಿಗಾಲದ ಒಂದು ಭಾನುವಾರ ಸಂಜೆ, ಟೀವಿಯ ಯಾವುದೋ ಚಾನೆಲ್ಲಿನಲ್ಲಿ ಅವರಿಗೆ ಆ ಜಪಾನೀ ಧಾರಾವಾಹಿ ಸಿಕ್ಕಿತು. ಹುಟ್ಟಿದಂದಿನಿಂದ ಸಾಯುವ ತನಕ ಕಷ್ಟವೇ ಪಡುವ ಒಬ್ಬ ಹೆಣ್ಣಿನ ಕತೆ. ಜಪಾನಿನವರೆಲ್ಲ ಅದನ್ನು ನೋಡಿ ಅತ್ತಿದ್ದಾರಂತೆ. ಮಾತು ಜಪಾನಿನದು, ಕೆಳಗೆ ಓಡುವ ಅಕ್ಷರ ಇಂಗ್ಲಿಷು. ರುದ್ರಮ್ಮನಿಗೆ ಎರಡೂ ಬಾರದು. ಅವರ ತೊಡೆಯ ಮೇಲೆ ಕೂತಿದ್ದ ಧೃತಿಗೆ ಆಗ ನಾಲ್ಕು ವರ್ಷ, ಓದಲು ಬಾರದು.

“ಅಜ್ಜೀ, ಏನಂತೆ?”

“ನನಗೇನ್ ತಿಳೀತದವ್ವಾ,” ಎಂದರು ರುದ್ರಮ್ಮ. ಕೂಸು ಬಿಡಲಿಲ್ಲ, ಸೆರಗು ಹಿಡಿದು ಜಗ್ಗಿತು. ಅವರು ಸ್ವಲ್ಪ ಹೊತ್ತು ಟೀವಿಯನ್ನೇ ನೋಡಿದರು. “ಅಕಿ ಏನಂತಾಳಂದ್ರ, ನಮ್ಮವ್ವ ಗಿರಿಜವ್ವ ನಸುಕಿನ್ಯಾಗ ಎದ್ದು ಬೀಸಾಕ ಕುಂದರ್ತಿದ್ಲು, ನಾ ಬೀಸೂ ಕಲ್ಲಿನ ಬಾಜೂಕ ಮಕ್ಕೊಂತಿದ್ನಿ ಅಂತಾಳ.”

ಸೋಫಾದ ಮೇಲೆ ಬಟ್ಟೆ ಮಡಿಸುತ್ತಿದ್ದ ಉಷಾ ನಕ್ಕುಬಿಟ್ಟಳು. “ಜಪಾನಲ್ಲಿ ಗಿರಿಜವ್ವಾನಾ ರುದ್ರಮ್ಮ?”

“ಅವರ ಹೆಸರು ನನ್ನ ನಾಲಿಗಿ ಮ್ಯಾಲೆ ಹೊಳ್ಳೂದಿಲ್ರಿ ಅಕ್ಕಾರ. ಕೂಸಿಗೇನ್ ತಿಳೀತದ, ಬಿಡ್ರಿ.”

ಅಲ್ಲಿಂದ ಏಳು ವರ್ಷ. ಧಾರಾವಾಹಿ ಮುಗಿದರೆ ಮತ್ತೆ ಮೊದಲಿನಿಂದ ಹಾಕುತ್ತಿದ್ದರು, ರುದ್ರಮ್ಮನ ಕತೆ ಮಾತ್ರ ಮುಂದಕ್ಕೇ ಹೋಗುತ್ತಿತ್ತು. ಅದು ಹೇಗೆ ಎಂದು ಆ ಮನೆಯಲ್ಲಿ ಯಾರೂ ಕೇಳಲಿಲ್ಲ. ಒಂಬತ್ತನೆಯ ವಯಸ್ಸಿಗೆ ಕಂಡವರ ಮನೆಯ ಮುಸುರೆ ತಿಕ್ಕಲು ಹೋದ ಹುಡುಗಿ, ದೂರದ ಪಟ್ಟಣದ ಗಿರಣಿಯಲ್ಲಿ ದುಡಿಯುವ ಗಂಡ, ಅತ್ತೆಯ ಬೈಗುಳ. ಸೋಮವಾರ ಊಟಕ್ಕೆ ಕೂತಾಗ ಉಷಾ, “ಏನಾಯ್ತು ರುದ್ರಮ್ಮ ಆಮೇಲೆ?” ಎಂದು ತಾನೇ ಕೇಳುವಳು. ರೈಲಿನ ಕತೆ ಹೇಳಿದ ದಿನ ಅವಳ ಕಣ್ಣೀರು ತಟ್ಟೆಗೇ ಬಿತ್ತು.

“ಅಯ್ಯೋ ಪಾಪ, ಏನು ಬಾಳು ರೀ ಆ ಹೆಂಗಸಿಂದು!”

“ಹೌದ್ರಿ ಅಕ್ಕಾರ, ಭಾಳ ಕಷ್ಟ ಉಂಡಾಳ,” ಎಂದರು ರುದ್ರಮ್ಮ. “ಇನ್ನೊಂದ್ ರೊಟ್ಟಿ ಹಾಕ್ಲೇನು?”

ಅಷ್ಟರಲ್ಲಿ ಉಷಾಳ ಪೇಜರ್ ಬಡಿದುಕೊಂಡಿತು. ರೈಲಿಳಿದ ಮೇಲೆ ಆ ಹೆಂಗಸಿಗೆ ಗಂಡ ಸಿಕ್ಕನೋ ಇಲ್ಲವೋ ಎಂದು ಕೇಳುವುದು ಮರೆತೇ ಹೋಯಿತು.

* * *

ಹನ್ನೆರಡೂಕಾಲಿಗೆ ಬದರೀನಾಥ ಬಂದು, “ಸಹಿ ಮಾಡಿದ್ಯಾ? ಧೃತಿ ಎಲ್ಲಿ? ಹೊರಡೋ ಹೊತ್ತಾಯ್ತು,” ಎಂದು ಹೇಳಿ, ಆಫೀಸಿನ ಫೋನು ಬಂತೆಂದು ಹೊರಗೆ ಹೋದ. ಉಷಾ ಎದ್ದು ಮಗಳನ್ನು ಹುಡುಕಿದಳು. ಕೋಟು ನೇತುಹಾಕುವ ಕೋಣೆಯಲ್ಲಿ ಹನ್ನೊಂದರ ಹುಡುಗಿ ಗೋಡೆಗೊರಗಿ ಕೂತಿದ್ದಳು. ಅತ್ತು ಅತ್ತು ಮೂಗು ಕೆಂಪಾಗಿತ್ತು.

“ಅಮ್ಮ, ಆರ್ ದೇ ಗೋಯಿಂಗ್ ಟು ಬರ್ನ್ ಹರ್?”

“ಹಾಗನ್ನಬಾರದು ಪುಟ್ಟಿ. ಅದು ಸಂಸ್ಕಾರ.”

“ನೋ! ಶಿ ಹೇಟೆಡ್ ದಟ್.”

“ಯಾರು ಹೇಳಿದ್ದು ನಿನಗೆ? ಅಜ್ಜಿ ಹೇಳಿದ್ರಾ?”

“ಇನ್ ದ ಶೋ,” ಎಂದಳು ಧೃತಿ. ಅಲ್ಲಿಯವರೆಗೆ ಇಂಗ್ಲಿಷಿನಲ್ಲಿದ್ದ ಹುಡುಗಿಯ ಮಾತು ಒಮ್ಮೆಗೇ ಕೊಪ್ಪಳಕ್ಕೆ ತಿರುಗಿತು. ಅಮ್ಮನ ಬೆಂಗಳೂರು ಕನ್ನಡವನ್ನೇ ಸರಿಯಾಗಿ ಆಡದ ಮಗಳ ಬಾಯಲ್ಲಿ ರುದ್ರಮ್ಮನ ಮಾತು ಇದ್ದಕ್ಕಿದ್ದ ಹಾಗೆ ಬಂತು: “ನಾ ರೈಲಿಳಿದು ಗಿರಣಿ ಚಾಳಿಗೆ ಹೋಗೂದ್ರಾಗ ಸುಟ್ಟಿದ್ರು. ಛಲೋ ಮಂದಿನ ಪಾಪ, ತಮ್ಮ ಪದ್ಧತಿ ಮಾಡಿದ್ರು, ಅವರಿಗೇನ್ ಗೊತ್ತು. ನನ್ನ ಕೈಯಾಗ ಒಂದ್ ಗಡಿಗಿ ಕೊಟ್ರು. ಗಂಡಗ ಒಂದ್ ಹಿಡಿ ಮಣ್ಣ್ ಹಾಕಾಕ್ ಆಗಲಿಲ್ಲ ನನಗ. ನನ್ನ ಮಾತ್ರ ಸುಡಬ್ಯಾಡ್ರಪ್ಪಾ, ಮಣ್ಣಿಗೆ ಕೊಡ್ರಿ.”

“ಪುಟ್ಟಿ, ಅದು ಸೀರಿಯಲ್ ಕತೆ. ಆ ಜಪಾನ್ ಹೆಂಗಸಿನದು.”

“ಐ ಕ್ಯಾನ್ ರೀಡ್, ಅಮ್ಮ.”

“ಅಂದ್ರೆ?”

ಸೆಕೆಂಡ್ ಗ್ರೇಡಿನಿಂದ ಟೀವಿಯ ಕೆಳಗಿನ ಅಕ್ಷರ ಓದುತ್ತಿದ್ದೇನೆ ಎಂದಳು ಧೃತಿ. ಆ ದಿನ ಅಲ್ಲಿ ಇದ್ದದ್ದು ಮೀನಿನ ಅಂಗಡಿಯ ಮಾತಂತೆ. ಅಜ್ಜಿ ಹೇಳುತ್ತಿದ್ದದ್ದಕ್ಕೂ ಟೀವಿಗೂ ಸಂಬಂಧವೇ ಇರಲಿಲ್ಲವಂತೆ, ಯಾವತ್ತೂ.

“ಮತ್ತೆ ನಮಗ್ಯಾಕೆ ಹೇಳಲಿಲ್ಲ?”

“ಹೇಳಿದ್ರೆ ಅಜ್ಜಿ ಸ್ಟಾಪ್ ಮಾಡ್ಬಿಡ್ತಿದ್ರು,” ಎಂದಳು ಹುಡುಗಿ ಕನ್ನಡದಲ್ಲೇ. ಆಮೇಲೆ ತಾಯಿಯ ಮುಖ ನೋಡಿ, “ಗಿರಿಜವ್ವ ಈಸ್ ನಾಟ್ ಜಾಪನೀಸ್, ಅಮ್ಮ,” ಎಂದು ಸೇರಿಸಿದಳು.

ಉಷಾ ಕೋಟುಗಳ ನಡುವೆ ನೆಲದ ಮೇಲೆಯೇ ಕೂತುಬಿಟ್ಟಳು. ಏಳು ಸಮುದ್ರದಾಚೆಯ, ಹೆಸರೂ ಗೊತ್ತಿಲ್ಲದ ಹೆಂಗಸಿಗಾಗಿ ತಟ್ಟೆ ಮುಂದೆ ಕೂತು ಅತ್ತಿದ್ದಳಲ್ಲ, ಆ ತಟ್ಟೆಗೆ ರೊಟ್ಟಿ ಹಾಕುತ್ತಿದ್ದವರ ಮುಖವನ್ನು ಒಂದು ದಿನವಾದರೂ ತಲೆಯೆತ್ತಿ ನೋಡಿದ್ದಳೇ? ಥೂ, ನನ್ನ ಜನ್ಮಕ್ಕಿಷ್ಟು, ಎಂದುಕೊಂಡಳು. ಅಳು ಬರಲಿಲ್ಲ. ಅಳುವುದನ್ನೆಲ್ಲ ಆಗಲೇ ಅತ್ತು ಮುಗಿಸಿದ್ದಳು, ಜಪಾನಿನ ಲೆಕ್ಕದಲ್ಲಿ.

ಇನ್ನೊಂದು ಹಾಳೆಯನ್ನು ಮೊಣಕಾಲ ಮೇಲಿಟ್ಟು ತಾಯಿಯ ಹೆಸರಿನ ಖಾನೆಯಲ್ಲಿ ‘ಗಿರಿಜವ್ವ’ ಎಂದು ಬರೆದಳು. ಆಮೇಲೆ ಹೊರಗೆ ಹೋದಳು. ಬದರೀನಾಥ ಬಾಗಿಲ ಬಳಿ ಇನ್ನೂ ಫೋನಿನಲ್ಲಿದ್ದ.

“ರೀ, ಕ್ರಿಮೇಷನ್ ಬೇಡ. ಮಣ್ಣು ಮಾಡೋಣ.”

ಅವನು ಫೋನಿಗೆ ಕೈ ಅಡ್ಡ ಹಿಡಿದ. “ತಮಾಷೆನಾ ಉಷಾ? ಅಷ್ಟು ಜನ ರಜೆ ಹಾಕಿ ಬಂದಿದ್ದಾರೆ. ಇಷ್ಟು ಹೊತ್ತಲ್ಲಿ ಜಾಗ ಎಲ್ಲಿ ಹುಡುಕೋದು? ನೆಲ ನೋಡು, ಕಲ್ಲಾಗಿದೆ.”

“ಹುಡುಕೋಣ.”

“ಅವರೇನಾದ್ರೂ ಹೇಳಿದ್ರಾ ನಿಂಗೆ?”

“ಹೇಳಿದ್ರು. ಏಳು ವರ್ಷದಿಂದ ಹೇಳ್ತಾನೇ ಇದ್ರು. ನಾನು ಬಟ್ಟೆ ಮಡಿಸ್ತಿದ್ದೆ.”

ಬದರೀನಾಥನಿಗೆ ಏನು ಅರ್ಥವಾಯಿತೋ ಬಿಟ್ಟಿತೋ. ಹೆಂಡತಿಯ ಮುಖವನ್ನೊಮ್ಮೆ ನೋಡಿ, ಆಮೇಲೆ ಮಾತಾಡ್ತೀನಿ ಎಂದು ಹೇಳಿ ಫೋನು ಇಟ್ಟ. ಇಬ್ಬರೂ ಒಳಗಿನ ಮುದುಕನ ಬಳಿಗೆ ಹೋದರು. ಮುದುಕ ಹುಬ್ಬನ್ನೂ ಏರಿಸಲಿಲ್ಲ. ಸಹಿಯಿಲ್ಲದ ಒಪ್ಪಿಗೆ ಪತ್ರವನ್ನು ಹರಿದು ಬುಟ್ಟಿಗೆ ಹಾಕಿ, ಮೂರು ಕಡೆ ಫೋನ್ ಮಾಡಿ, ಸ್ಮಶಾನದಲ್ಲಿ ಜಾಗ ಇದೆ, ನಾಳೆ ಬೆಳಿಗ್ಗೆ ಹತ್ತಕ್ಕೆ ಎಂದ.

* * *

ಮರುದಿನ ಬಂದವರು ಏಳು ಜನ. ಉಳಿದವರಿಗೆ ರಜೆ ಮುಗಿದಿತ್ತು. ಪೆಟ್ಟಿಗೆ ಮುಚ್ಚುವ ಮುನ್ನ ಅಮರೇಶ್ವರ ಅವರು ರುದ್ರಮ್ಮನ ಕೊರಳಿನ ಲಿಂಗ ಬಿಚ್ಚಿ ಅವರ ಎಡ ಅಂಗೈಯಲ್ಲಿಟ್ಟು, ಸೆಟೆದ ಬೆರಳುಗಳ ಮೇಲೆ ತಮ್ಮ ಕೈಯಿಟ್ಟು ಮಂತ್ರ ಹೇಳಿದರು. ಹೇಳುತ್ತ ಹೇಳುತ್ತ ಅವರ ದನಿ ಒಡೆಯಿತು. ತಮ್ಮನ ನೆನಪಾಗಿರಬೇಕು.

ಪೆಟ್ಟಿಗೆ ಕೆಳಗಿಳಿಯಿತು. ಅಗೆದ ಮಣ್ಣು ಎಲ್ಲಿ ಎಂದು ಉಷಾ ಅತ್ತಿತ್ತ ನೋಡಿದಳು. ದುಃಖದಲ್ಲಿದ್ದವರ ಕಣ್ಣಿಗೆ ಬೀಳಬಾರದೆಂದು ಗುಡ್ಡೆಯ ಮೇಲೆ ಹಸಿರು ಪ್ಲಾಸ್ಟಿಕ್ ಹುಲ್ಲಿನ ಚಾಪೆ ಹೊದಿಸಿದ್ದರು. ಸ್ವಲ್ಪ ದೂರದಲ್ಲಿ ಮಣ್ಣು ತಳ್ಳುವ ಯಂತ್ರ ಗುರ್‌ಗುಟ್ಟುತ್ತ ಕಾದಿತ್ತು. “ನೀವಿನ್ನು ಹೊರಡಬಹುದು. ಉಳಿದದ್ದನ್ನು ನಮ್ಮ ಹುಡುಗರು ಮಾಡ್ತಾರೆ,” ಎಂದ ಮುದುಕ.

ಧೃತಿ ಅವನ ಮಾತು ಕೇಳಿಸದವಳಂತೆ ಹೋಗಿ ಚಾಪೆಯ ತುದಿ ಎತ್ತಿದಳು. ಕೆಂಪು ಮಣ್ಣು, ಆದರೆ ಹಿಮಗಟ್ಟಿ ಹೆಂಟೆ ಹೆಂಟೆಯಾಗಿತ್ತು. ಒಂದನ್ನು ತಾನೆತ್ತಿಕೊಂಡು ಇನ್ನೊಂದನ್ನು ಅಮ್ಮನ ಕೈಗಿಟ್ಟಳು. ಹಾಗೇ ಹಾಕಿದರೆ ಕಲ್ಲು ಎಸೆದ ಹಾಗೆ ಮುಚ್ಚಳಕ್ಕೆ ಬಡಿಯುತ್ತದೆ. ಉಷಾ ಗ್ಲೌಸ್ ಕಳಚಿ ಜೇಬಿಗೆ ತುರುಕಿ, ಹೆಂಟೆಯನ್ನು ಬರಿಗೈಗಳ ನಡುವೆ ಒತ್ತಿ ಹಿಡಿದಳು. ಚಳಿ ಎಲುಬಿಗೆ ಇಳಿಯಿತು. ಸುಪ್ರಿಯಾ ಬಂದು ಒಂದು ಎತ್ತಿಕೊಂಡಳು, ಬದರೀನಾಥ ಒಂದು, ಅಮರೇಶ್ವರ ಕೋಲು ಕಂಕುಳಿಗೆ ಸಿಕ್ಕಿಸಿ ಒಂದು.

ಯಂತ್ರದವನು ಇವರನ್ನು ನೋಡಿ ಎಂಜಿನ್ ಆಫ್ ಮಾಡಿದ. ಉಷಾಳ ಬೆರಳ ಸಂದಿಯಿಂದ ಕೆಂಪು ನೀರು ಇಳಿದು ಮಣಿಕಟ್ಟಿನವರೆಗೆ ಹರಿಯಿತು, ಹೆಂಟೆಯ ಅಂಚು ಮೆತ್ತಗಾಗತೊಡಗಿತು.

“ಇನ್ನೊಂಚೂರು ತಡಿ, ಅಮ್ಮ,” ಎಂದಳು ಧೃತಿ, ತನ್ನ ಹೆಂಟೆಗೆ ಬಾಯಿಂದ ಬಿಸಿಯುಸಿರು ಊದುತ್ತ.