ಅರಿಶಿನ ಹಚ್ಚಿದ ಜಪಾನಿ ಚೀಟಿ

ಸುಭಾಸ ರಾಮದುರ್ಗದಿಂದ ಕಂಪ್ಯೂಟರಿನ ಡಬ್ಬಿ ಹೊತ್ತುಕೊಂಡು ಬೈಲಹೊಂಗಲದ ನನ್ನ ಅಂಗಡಿಯ ಮೆಟ್ಟಿಲು ಹತ್ತಿದಾಗ ನನಗೆ ಮೈಯೆಲ್ಲ ಉರಿಯಿತು. ಲಗ್ನಪತ್ರಿಕೆ ಮುದ್ರಿಸುವ ಅಂಗಡಿ ನನ್ನದು. ಹೊರಗೆ ಹಾಕಿಬಿಡಬೇಕೆಂದುಕೊಂಡೆ.

"ಉಮಾಶ್ರೀ, ಜಪಾನಿನಾವ್ರು ಫೈಲ್ ಕಳಿಸ್ಯಾರ. ತಗದ್ರ ಬರೇ ಚೌಕ ಚೌಕ ಡಬ್ಬಿ ಕಾಣತಾವು. ಏನಾಗೇತಿ ನೋಡವಾ," ಎಂದ.

ಜಪಾನು ಅಂದದ್ದೇ ತಡ, ನಾನು ಕುರ್ಚಿ ಎಳೆದು ಕೊಟ್ಟೆ.

ನಮ್ಮವ್ವ ಗುರವ್ವ ಇವನ ಮಗ್ಗದಲ್ಲಿ ನೇಯುವವಳು. ಜೋಳದ ತೆನೆಯ ಅಂಚು ಅವಳ ಸ್ವಂತ ತಲೆಯಿಂದ ಹುಟ್ಟಿದ್ದು. ಹೋದ ವರ್ಷ ಜಪಾನಿನ ವ್ಯಾಪಾರಿ ಹೆಂಗಸು ಆ ಬಟ್ಟೆ ನೋಡಲು ಬಂದಾಗ ಈ ಹರಾಮಖೋರ ತನ್ನ ಹೆಂಡತಿ ನಾಗರತ್ನಾಳನ್ನು ಮಗ್ಗದಲ್ಲಿ ಕೂಡಿಸಿ ಫೋಟೊ ತೆಗೆಸಿದ. ಅವ್ವನನ್ನು ಚಹಾ ಮಾಡಲು ಅಟ್ಟಿದ. ತಾನೇ ನೇಯ್ದ ಬಟ್ಟೆಯ ಮುಂದೆ ಅವ್ವ ಚಹಾದ ತಟ್ಟೆ ಹಿಡಿದು ನಿಂತಳು. ಅಂದು ಅವಳು ಉಣ್ಣದೆ ಮಲಗಿದಳು. ಅದನ್ನು ನಾನು ಮರೆಯುವುದುಂಟೆ?

ಅವನ ಕಂಪ್ಯೂಟರು ಓಬಿರಾಯನ ಕಾಲದ್ದು. ವಿಂಡೋಸಿನ ಹಳೆಯ ಸಿಡಿ ಹುಡುಕಿ, ಅದರಿಂದ ಜಪಾನಿ ಫಾಂಟು ಹಾಕಿ, ಜಪಾನಿ ಕೀಬೋರ್ಡ್ ಸೇರಿಸಿ, ಬಂದ್ ಮಾಡಿ ಮತ್ತೆ ಚಾಲೂ ಮಾಡಿದೆ. ಡಬ್ಬಿಗಳೆಲ್ಲ ಅಕ್ಷರಗಳಾದವು.

"ಭಲೇ! ಶಾಣ್ಯಾಕಿ ಅದಿ ಬಿಡು," ಎಂದ ಸುಭಾಸ.

ಬಟ್ಟೆಗೆ ಹೊಲಿಯುವ ಚೀಟಿಯ ನಮೂನೆ ಅದು. ನಡುವೆ ಖಾಲಿ ಜಾಗ. ಅಲ್ಲಿ ನೇಯ್ದವರ ಹೆಸರನ್ನು ಜಪಾನಿಯಲ್ಲಿ ಹಾಕಬೇಕೆಂದು ಕೆಳಗೆ ಇಂಗ್ಲಿಷಿನಲ್ಲಿತ್ತು. ಓದಿ ಹೇಳಿದೆ.

"ನೇಯ್ದಾಕಿ ನಮ್ಮವ್ವರಿ."

"ಮುದುಕಿ ಹೆಸರು ತಗೊಂಡು ಏನ್ ಮಾಡತಿ? ಆಕಿಗೆ ಕೂಲಿ ಕೊಡಾಕತ್ತಿಲ್ಲೇನು? ಮಗ್ಗ ನಂದು, ನನ್ನ ಹೆಸರು ಹಾಕು. ದಪ್ಪಗ ಹಾಕು!"

ಆ ಜಪಾನಿ ಕೀಬೋರ್ಡಿನಲ್ಲಿ ಇಂಗ್ಲಿಷಿನಲ್ಲಿ ಒತ್ತಿದ ಉಚ್ಚಾರ ಪರದೆಯ ಮೇಲೆ ಜಪಾನಿಯಾಗಿ ಮೂಡುತ್ತದೆ. ಪರದೇಶದ ಹೆಸರುಗಳಿಗೆ ಅವರದು ಬೇರೆಯೇ ಲಿಪಿ. ಎಫ್ ಏಳು ಒತ್ತಿದರೆ ಅದು ಬರುತ್ತದೆಂದು ಯೂಟ್ಯೂಬಿನಲ್ಲಿ ನೋಡಿಕೊಂಡೆ. ಅವನು ಎಲೆ ಅಡಿಕೆ ಉಗುಳಲು ಹೊರಗೆ ಹೋದಾಗ ಗುರವ್ವ ಎಂದು ಒತ್ತಿದೆ. ಮೂಡಿತು: グラッヴァ. ಅವನು ಹೇಳಿದಂತೆ ದಪ್ಪಗೂ ಮಾಡಿದೆ.

ಪ್ರೂಫ್ ನೋಡುವವರು ನಮ್ಮ ಕಡೆ ಎಲ್ಲರೂ ಒಂದೇ ಥರ. ಕಣ್ಣು ಮೊದಲು ಹೋಗುವುದು ತಮ್ಮ ಹೆಸರು ಎಷ್ಟು ದಪ್ಪವಿದೆ ಎಂಬುದರ ಮೇಲೆ. ಇವನೂ ನಡುವಿನ ದಪ್ಪ ಅಕ್ಷರದ ಮೇಲೆ ಬೆರಳಾಡಿಸಿ, "ಛಲೋ ಕಾಣತೈತಿ," ಎಂದು ಸಹಿ ಮಾಡಿದ. ಫೋನಿನ ಕ್ಯಾಮೆರಾ ಹಿಡಿದಿದ್ದರೆ ಅದೇ ಆ ಹೆಸರು ಓದಿ ಹೇಳುತ್ತಿತ್ತು. ಕೂಲಿಯವಳ ಮಗಳು ಏನು ಮಾಡಿಯಾಳು ಎಂಬ ಸೊಕ್ಕು ಅವನಿಗೆ.

ಮುದ್ರಣವಾದ ಮೊದಲ ಚೀಟಿಗೆ, ಲಗ್ನಪತ್ರಿಕೆಗೆ ಹಚ್ಚುವಂತೆ, ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ. ಕುಂಕುಮ ಇಟ್ಟ. ನನ್ನ ಅಂಗಡಿಯ ದೇವರ ಫೋಟೊದ ಮುಂದಿಟ್ಟು, ಚಪ್ಪಲಿ ಕಳೆದು, ಕಣ್ಣು ಮುಚ್ಚಿ ಕೈಮುಗಿದ. ನನ್ನ ಹೊಟ್ಟೆ ತಣ್ಣಗಾಯಿತು. ಪೂರ್ತಿ ಅಲ್ಲ.

ಬಟ್ಟೆ ಜಪಾನಿಗೆ ಹೋಯಿತು. ಈ ವರ್ಷ ಆ ಹೆಂಗಸು ದುಭಾಷಿಯ ಜೊತೆ ಮತ್ತೆ ಬರುತ್ತಾಳೆಂದು ಗೊತ್ತಾದದ್ದೇ ನಾನೂ ರಾಮದುರ್ಗಕ್ಕೆ ಹೋದೆ. ನಾಗರತ್ನಾ ಮತ್ತೆ ಮಗ್ಗದಲ್ಲಿ ಅಲಂಕರಿಸಿಕೊಂಡು ಕೂತಿದ್ದಳು. ಜಪಾನಿನವಳು ಅವಳಿಗೆ ನಮಸ್ಕರಿಸಿ, ಚೀಟಿ ತೋರಿಸಿ ಏನೋ ಕೇಳಿದಳು.

"ನೀವೇ ಗುರವ್ವನವರಾ ಅಂತ ಕೇಳುತ್ತಿದ್ದಾರೆ," ಎಂದ ದುಭಾಷಿ.

ನಾಗರತ್ನಾ ಗಂಡನ ಮುಖ ನೋಡಿದಳು. ಅದು ಬಿಳಿಚಿಕೊಂಡಿತ್ತು. ಅಷ್ಟರಲ್ಲಿ ಅವ್ವ ಚಹಾದ ತಟ್ಟೆ ಹಿಡಿದು ಒಳಗೆ ಬಂದಳು.

"ಗುರವ್ವ ಅಂದ್ರ ಇವರ!" ಎಂದು ಕೂಗಿದೆ.

ಸುಭಾಸ ನನ್ನ ಕಿವಿಯ ಹತ್ತಿರ ಬಂದು ಹಲ್ಲು ಕಡಿದ. "ಏನ್ ಮಾಡಿದಿ ನೀ?"

"ನೀವು ಅರಿಶಿನ ಹಚ್ಚಿ ಕೈಮುಗಿದ ಹೆಸರ್ರಿ ಅದು. ಈಗ ತಟ್ಟಿ ಹಿಡೀರಿ."

ಅವ್ವನ ಕೈಯಿಂದ ತಟ್ಟೆ ಕಸಿದು ಅವನ ಕೈಗೆ ಕೊಟ್ಟೆ. ಪರದೇಶದವರ ಎದುರು ಏನು ಮಾಡಿಯಾನು? ಹಿಡಿದ. ನಾಗರತ್ನಾ ಎದ್ದಳು, ಅವ್ವ ಮಗ್ಗದಲ್ಲಿ ಕೂತಳು. ಜಪಾನಿನವಳು ಅವಳ ಎರಡೂ ಕೈ ಹಿಡಿದುಕೊಂಡಳು, ಫೋಟೊ ತೆಗೆಸಿಕೊಂಡಳು, ಬಹಳ ಹೊತ್ತು ಅಂಚು ಸವರಿದಳು. ಅಷ್ಟೂ ಹೊತ್ತು ಸುಭಾಸ ನಿಂತೇ ಇದ್ದ.

ಕೊನೆಗೆ ಅವ್ವ ಒಂದು ಕಪ್ಪು ತೆಗೆದುಕೊಂಡು ತುಟಿಗೆ ಹಚ್ಚಿ, ಮತ್ತೆ ತಟ್ಟೆಯಲ್ಲೇ ಇಟ್ಟಳು.

"ಆರೇತಿ. ಬಿಸಿ ಮಾಡ್ಕೊಂಡು ಬರ್ರಿ," ಎಂದಳು.